ಬಂಪರ್ ಮೇಲಿಟ್ಟ ಕೈ

ಶಹಾಬಾದಿನಿಂದ ವಾಡಿ ಕಡೆ ಹೊರಟರೆ, ಎಡಗಡೆ ಎರಡು ಬೇವಿನ ಗಿಡಗಳ ನಡುವೆ ಮಶಾಕ್ ಚಾಚಾನ ವೆಲ್ಡಿಂಗ್ ಅಂಗಡಿ. ಬೋರ್ಡಿಲ್ಲ. ನಾಲ್ಕು ತಗಡು, ಒಂದು ಮಷಿನು, ನೆಲದ ತುಂಬ ಸುಟ್ಟ ರಾಡಿನ ಚೂರು. ಅಲ್ಲಿಗೆ ಗಾಡಿ ತಂದವರು ಯಾರೂ ಬೇಗ ವಾಪಸು ಹೋದದ್ದಿಲ್ಲ. ನನ್ನಂಥವನಿಗೆ ಅದೇ ದೊಡ್ಡ ಶಿಕ್ಷೆ.

ನಾನು ದಿಲೀಪ, ಚಿತ್ತಾಪುರದವನು. ಒಂದು ಪಿಕಪ್ ಗಾಡಿ ಇಟ್ಟುಕೊಂಡಿದ್ದೇನೆ. ಶಹಾಬಾದಿನ, ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಸೇಡಂ, ಚಿಂಚೋಳಿ, ಚಂದಾಪುರದಲ್ಲಿ ಮನೆ ಕಟ್ಟುವವರಿಗೆ ಮುಟ್ಟಿಸುವುದು ನನ್ನ ಕೆಲಸ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಸುಜಾತಾ ಹೇಳುತ್ತಾಳೆ. ಹೇಳಲಿ. ರಸ್ತೆಯ ಮೇಲೆ ಬದುಕುವವನಿಗೆ ಸಮಾಧಾನ ಎಲ್ಲಿಂದ ಬರಬೇಕು? ಈ ಬರಹ ಚಾಚಾನ ಬಗ್ಗೆ. ಆದರೆ ನನ್ನ ತಪ್ಪನ್ನು ಬಚ್ಚಿಟ್ಟು ಅವನ ಬಗ್ಗೆ ಬರೆದರೆ ಅರ್ಧ ಮಾತ್ರ ಬರೆದಂತಾಗುತ್ತದೆ.

ಚಾಚಾನಿಗೆ ಅರವತ್ತು ಮುಟ್ಟುತ್ತ ಬಂದಿದೆ. ಅಪ್ಪ ಕಲ್ಲಿನ ಖಣಿಯಲ್ಲಿ ಉಳಿ ಹಿಡಿದವನು. ಮಗ ಕಲ್ಲು ಬೇಡವೆಂದು ಕಬ್ಬಿಣ ಹಿಡಿದ. ಮೂವತ್ತೈದು ವರ್ಷ ಬೆಂಕಿ ನೋಡಿ ನೋಡಿ ಅವನ ಕಣ್ಣಲ್ಲಿ ಯಾವಾಗಲೂ ನೀರಾಡುತ್ತದೆ. ಸಂಜೆ ಮನೆಗೆ ಹೋದರೆ ನೂರಜಹಾನ್ ಚಾಚಿ ಆಲೂಗಡ್ಡೆಯ ಹೋಳು ಕೊಯ್ದು ಕಣ್ಣಿನ ಮೇಲೆ ಇಡುತ್ತಾಳೆ. ಈಚೆಗೆ ಅವನು ಬೆಸುಗೆಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಉಗುರಿನಿಂದ ಕೆರೆದು ನೋಡುವುದೇ ಹೆಚ್ಚಾಗಿತ್ತು. ನಮಗೆಲ್ಲ ಅದು ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಪಿಕಪ್ಪಿನ ಹಿಂದಿನ ಬಾಗಿಲು ಕೆಳಗಡೆ ಕೀಲು ಹೊಂದಿದ್ದು, ಕೊಂಡಿ ತೆಗೆದರೆ ಧಡ್ ಎಂದು ಕೆಳಕ್ಕೆ ಬಿದ್ದು ಬಂಪರಿಗೆ ಬಡಿಯುತ್ತದೆ. ಚಾಚಾ ಅದಕ್ಕೆ ಒಂದು ಉಪಾಯ ಮಾಡಿದ್ದ. ಕಾರಿನ ಡಿಕ್ಕಿಗೆ ಇರುವಂಥ ಶಾಕಬ್ಸರ್ ತಂದು, ಒಂದು ತುದಿಯನ್ನು ಬಾಗಿಲಿಗೆ, ಇನ್ನೊಂದು ತುದಿಯನ್ನು ಬಾಡಿಯ ಮೂಲೆಯ ಕಂಬಕ್ಕೆ ಬ್ರಾಕೆಟ್ ಹಾಕಿ ಕೂಡಿಸುತ್ತಿದ್ದ. ಆಮೇಲೆ ಬಾಗಿಲು ಮೆಲ್ಲಗೆ ಇಳಿದು, ಅಡ್ಡವಾಗಿ ಹಾಸಿದಂತೆ ನಿಲ್ಲುತ್ತಿತ್ತು. ನಮ್ಮ ಕಡೆಯ ಕಲ್ಲಿನ ಗಾಡಿಗಳಿಗೆಲ್ಲ ಅವನದೇ ಕೈಯ ಶಾಕಬ್ಸರ್. ಬ್ರಾಕೆಟ್ ಕಿತ್ತು ಬಂದರೆ ಮಾತ್ರ ಬಾಗಿಲು ಮತ್ತೆ ಹಳೆಯ ಬಾಗಿಲೇ.

ಚಾಚಾನಿಗೆ ಎರಡು ಹಟ. ಒಂದು, ಬೇರೆಯವರು ತೇಪೆ ಹಾಕಿದ ಜಾಗದ ಮೇಲೆ ಅವನು ರಾಡು ಇಡುವುದಿಲ್ಲ. ಇಡೀ ಕಂಬವನ್ನೇ ಕೊಯ್ದು ತೆಗೆದು ಹೊಸದು ಕೂಡಿಸುತ್ತಾನೆ. ಎರಡು ದಿನ ಗಾಡಿ ಅಲ್ಲೇ ನಿಲ್ಲಬೇಕು. ಇನ್ನೊಂದು, ಕೆಲಸ ಮುಗಿದ ಮೇಲಿನ ಅವನ ಪರೀಕ್ಷೆ.

ಬಾಗಿಲನ್ನು ಎತ್ತಿ ಕೊಂಡಿ ಹಾಕಿ, ಚಾಚಾ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದ. ಬಲಗೈಯಿಂದ ಬಂಪರಿನ ಪೈಪನ್ನು, ಬಾಗಿಲು ಬಂದು ಬಡಿಯುವ ಜಾಗದಲ್ಲೇ, ನಾಲ್ಕು ಬೆರಳು ಹೊರಗೆ ಬರುವಂತೆ ಹಿಡಿಯುತ್ತಿದ್ದ. ಬಿಸ್ಮಿಲ್ಲಾ ಅಂದು ಕಣ್ಣು ಮುಚ್ಚುತ್ತಿದ್ದ. ಕೊಂಡಿ ತೆಗೆಯುವವನು ಖಂಡೆಪ್ಪ. ಬ್ರಾಕೆಟ್ ಹಿಡಿದರೆ ಬಾಗಿಲು ಅಡ್ಡಕ್ಕೆ ನಿಂತು ಕೈ ಉಳಿಯಿತು. ಹಿಡಿಯದಿದ್ದರೆ ಬೆರಳು ಹೋದವು.

ಈ ಖಂಡೆಪ್ಪನ ಬಲಗೈಗೆ ಉಳಿದಿರುವುದು ಹೆಬ್ಬೆರಳೊಂದೇ. ಹದಿಮೂರು ವರ್ಷದ ಹಿಂದೆ ಅವನು ಕಲ್ಲು ಹೇರುವ ಹಮಾಲ. ಯಾವುದೋ ಗಾಡಿಯ ಬಾಗಿಲಿನ ಕೀಲನ್ನು ಚಾಚಾ ಅವಸರದಲ್ಲಿ ಬೆಸೆದು ಕೊಟ್ಟಿದ್ದ. ಗಾಡಿಯವನು ತಲೆಯ ಮೇಲೆ ನಿಂತು ಗಡಿಬಿಡಿ ಮಾಡಿದ್ದನಂತೆ. ಮಾರನೆಯ ದಿನ ಆ ಬಾಗಿಲು ಕಳಚಿ ಖಂಡೆಪ್ಪನ ಕೈಯ ಮೇಲೆ ಬಿತ್ತು. ಪೊಲೀಸರಿಲ್ಲ, ಪಂಚಾಯ್ತಿಯಿಲ್ಲ. ಖಂಡೆಪ್ಪ ಯಾರ ಹೆಸರನ್ನೂ ಎತ್ತಲಿಲ್ಲ. ಚಾಚಾ ನಲವತ್ತು ದಿನ ಅಂಗಡಿ ತೆರೆಯಲಿಲ್ಲ. ಆಮೇಲೆ ಒಂದು ಮುಂಜಾನೆ ತಾನೇ ಖಂಡೆಪ್ಪನ ಮನೆಗೆ ಹೋಗಿ ಅವನನ್ನು ಕರೆದುಕೊಂಡು ಬಂದ. ಅಂದಿನಿಂದ ಖಂಡೆಪ್ಪ ದಿನಾ ಅಂಗಡಿಗೆ ಬಂದು ಕೂಡುತ್ತಾನೆ, ಬಾಗಿಲು ಬಿಡುತ್ತಾನೆ. ಅವರಿಬ್ಬರೂ ಆ ಕೈಯ ಬಗ್ಗೆ ಮಾತಾಡಿದ್ದನ್ನು ಕೇಳಿದವರಿಲ್ಲ.

ಖಂಡೆಪ್ಪನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಗುವುದಿಲ್ಲ, ಬೈಯುವುದಿಲ್ಲ. ಹೆಗಲ ಮೇಲೆ ಒಂದು ಎಣ್ಣೆ ಕುಡಿದ ಅರಿವೆ, ಅದರ ಒಂದು ತುದಿಗೆ ಗಂಟು. ರೊಟ್ಟಿ ಕಟ್ಟಿಕೊಂಡು ಬರುತ್ತಾನೆಂದು ನಾನು ತಿಳಿದಿದ್ದೆ. ಚಾಚಾ ಕಣ್ಣು ಮುಚ್ಚಿದ ಮೇಲೆ ಅವನು ಆ ಅರಿವೆಯಿಂದ ಬಂಪರನ್ನು ಒರೆಸಿ, ಅದನ್ನು ಬಂಪರಿನ ಒಂದು ತುದಿಯಲ್ಲೇ ಬಿಟ್ಟು, ಎಡಗೈಯನ್ನು ಕೊಂಡಿಗೆ ಹಾಕುತ್ತಿದ್ದ. ಆ ಹೊತ್ತಿನಲ್ಲಿ ಅವನ ಮುಖ ನೋಡಿದರೆ, ಇವನು ಹನ್ನೆರಡು ವರ್ಷದಿಂದ ಒಂದು ಕೆಟ್ಟ ಬೆಸುಗೆಗಾಗಿ ಕಾಯುತ್ತ ಕುಳಿತಿದ್ದಾನೆ ಎಂದೇ ನನಗೆ ಅನ್ನಿಸುತ್ತಿತ್ತು.

ಆ ಕೆಟ್ಟ ಬೆಸುಗೆಯನ್ನು ತಂದು ಅವನ ಮುಂದೆ ಇಟ್ಟವನು ನಾನೇ.

ಹೋದ ವರ್ಷ ಮಳೆ ನಿಂತ ಮೇಲಿನ ಮಾತು. ತೆಂಗಳಿಯ ಹತ್ತಿರ ಒಂದು ತಗ್ಗಿನಲ್ಲಿ ಗಾಡಿ ಕುಪ್ಪಳಿಸಿ, ಶಾಕಬ್ಸರಿನ ಮೇಲಿನ ಬ್ರಾಕೆಟ್ ಕಂಬದ ತಗಡನ್ನೂ ಹರಿದುಕೊಂಡು ಬಂತು. ಶಹಾಬಾದಿಗೆ ಹೋದರೆ ಚಾಚಾ ತಡ ಮಾಡುತ್ತಾನೆಂದು, ದಾರಿಯಲ್ಲಿ ಸಿಕ್ಕ ಒಬ್ಬನಿಂದ ಆ ತೂತಿಗೆ ತೆಳ್ಳನೆಯ ತಗಡು ತುರುಕಿಸಿ, ಮೇಲೆ ಬಿಳಿ ಪುಟ್ಟಿಯ ಲೇಪ ಬಳಿಸಿ, ಬಣ್ಣ ಹೊಡೆಸಿ, ಬ್ರಾಕೆಟ್ ಕೂಡಿಸಿಕೊಂಡೆ. ಎಂಟು ದಿನ ಬಾಳಿತು. ಒಂಬತ್ತನೆಯ ದಿನ ಬ್ರಾಕೆಟ್ ಮತ್ತೆ ಕೈಗೆ ಬಂತು. ಅಂದು ಗಾಡಿಯಲ್ಲಿ ಕಲ್ಲು ಹೇರಿತ್ತು, ಚಂದಾಪುರದಲ್ಲಿ ಮನೆ ಕಟ್ಟುವ ಗೌಂಡಿ ಕಾಯುತ್ತಿದ್ದ, ಫೋನಿನ ಮೇಲೆ ಫೋನು. ಬ್ರಾಕೆಟ್ ಇದ್ದ ಜಾಗದಲ್ಲಿ ಉಳಿದ ಪುಟ್ಟಿಯನ್ನು ನಾನೇ ಕೆರೆದು ಸಪಾಟು ಮಾಡಿ, ಮೇಲೆ ಒಂದಿಷ್ಟು ಬಣ್ಣ ತಿಕ್ಕಿ, ಚಾಚಾನ ಮುಂದೆ ಗಾಡಿ ನಿಲ್ಲಿಸಿದೆ.

"ಚಾಚಾ, ಬ್ರಾಕೆಟ್ ಕಿತ್ತದ ನೋಡ್ರಿ. ಜಲ್ದಿ ಹಚ್ಚಿ ಕೊಡ್ರಿ, ಚಂದಾಪುರಕ್ಕ ಹೋಗೂದದ."

ಚಾಚಾ ಕಂಬವನ್ನು ಅಂಗೈಯಿಂದ ಸವರಿದ. "ಬ್ಯಾರೆ ಯಾರರ ಕೈ ಹಾಕ್ಯಾರೇನಪಾ ಇದಕ್ಕ?"

"ಇಲ್ರಿ ಚಾಚಾ. ನಿಮ್ಮ ಕೈಯಾಗಿಂದ ಅದ. ಬ್ಯಾರೆಯವರ ಹಂತ್ಯಾಕ ನಾ ಯಾಕ ಹೋಗ್ಲಿ?"

ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಸುಳ್ಳು! ಖಂಡೆಪ್ಪ ಬೇವಿನ ಬುಡದಿಂದ ನನ್ನನ್ನೇ ನೋಡುತ್ತಿದ್ದ. ನಾನು ಆ ಕಡೆ ತಿರುಗಲಿಲ್ಲ.

ಕಲ್ಲು ಹೇರಿದ ಗಾಡಿ ನೋಡಿ ಚಾಚಾ ಬೇರೆ ಕೆಲಸ ಬದಿಗಿಟ್ಟ. ಬ್ರಾಕೆಟನ್ನು ತಿಕ್ಕಿ ಹೊಳೆಯುವಂತೆ ಮಾಡಿ, ಕಂಬಕ್ಕೆ ಹಚ್ಚಿ, ಮುಖಕ್ಕೆ ಕಪ್ಪು ಗಾಜು ಹಿಡಿದು ರಾಡು ತಾಗಿಸಿದ. ತಾಗಿಸಿದ ಕೂಡಲೇ ಹೊಗೆ ಎದ್ದಿತು. ಕಬ್ಬಿಣದ ಹೊಗೆಯಲ್ಲ, ಪ್ಲಾಸ್ಟಿಕ್ ಸುಟ್ಟಂಥ ಕಮಟು. ಚಾಚಾ ಕೈ ನಿಲ್ಲಿಸಿ ಗಾಜು ಇಳಿಸಿದ.

"ದಿಲೀಪ, ಇದೇನ್ ವಾಸ್ನಿ?"

"ಹಳೀ ಪೇಂಟ್ ಇರ್ಬೇಕ್ರಿ."

ಅವನು ಕಣ್ಣು ಒರೆಸಿಕೊಂಡು ಆ ಜಾಗಕ್ಕೆ ಮುಖ ಹಚ್ಚಿ ನೋಡಿದ. ಕಣ್ಣು ಸರಿಯಾಗಿದ್ದರೆ ಬಿಳಿ ಪುಟ್ಟಿ ಕುದಿಯುತ್ತಿದ್ದುದು ಕಾಣುತ್ತಿತ್ತು. ನನಗೆ ಕಾಣುತ್ತಿತ್ತು. ಅವನು ನನ್ನ ಮಾತು ನಂಬಿ ಮತ್ತೆ ಗಾಜು ಎತ್ತಿದ.

ಬೆಸುಗೆ ತಣ್ಣಗಾಯಿತು. ಚಾಚಾ ಸುತ್ತಿಗೆಯಿಂದ ಬಡಿದು ಮೇಲಿನ ಕಿಟ್ಟ ಉದುರಿಸಿದ, ಉಗುರಿನಿಂದ ಕೆರೆದ, ತಲೆ ಆಡಿಸಿದ. ಸಾಲು ಮೇಲೆ ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಅದರ ಹಿಂದೆ ಬೆರಳು ಒತ್ತಿದರೆ ಬಾಗುವಂಥ ತಗಡು ಇರುವುದು ನನಗೊಬ್ಬನಿಗೇ ಗೊತ್ತು. ಆಗಲಾದರೂ ಹೇಳಬಹುದಾಗಿತ್ತು. ಈ ಬಾಗಿಲನ್ನು ದಾರಿಯಲ್ಲಿ ನಾನೇ ಜೋಕೆಯಿಂದ ತೆಗೆದರಾಯಿತು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಪರೀಕ್ಷೆಯ ನೆನಪೇ ನನಗಿರಲಿಲ್ಲ. ಚಾಚಾ ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತಾಗ ನೆನಪಾಯಿತು.

ಅವನ ಹಿಂದೆಯೇ ಹೋದೆ.

"ಚಾಚಾ, ಇರ್ಲಿ ಬಿಡ್ರಿ, ಇವತ್ತ ಬ್ಯಾಡ. ಹೊತ್ತಾಗ್ಯಾದ," ಅಂದೆ.

"ಹೊತ್ತ ಯಾರಿಗೆ ಆಗಿಲ್ಲಪಾ? ಎರಡ ನಿಮಿಷದ ಮಾತ." ಅವನು ಬಂಪರಿನ ಪೈಪು ಹಿಡಿದ. ನಾಲ್ಕು ಬೆರಳು ಹೊರಗೆ ಬಂದವು. ಮಧ್ಯದ ಬೆರಳಿನ ಉಗುರು ಸುಟ್ಟು ಕಪ್ಪಾಗಿತ್ತು. "ಖಂಡೆಪ್ಪ, ಬಾ."

ಖಂಡೆಪ್ಪ ಎದ್ದು ಬಂದ. ಬಂದವನು ಮೊದಲು ಕಂಬದ ಹತ್ತಿರ ನಿಂತು, ಬಗ್ಗಿ, ಬ್ರಾಕೆಟ್ಟಿನ ವಾಸನೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು ಎಂಬುದು ನನಗೆ ತಿಳಿಯಿತು. ಬಾಯಿ ಬಿಟ್ಟರೆ ಗಾಡಿ ಎರಡು ದಿನ ನಿಲ್ಲುತ್ತದೆ, ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ ಚಾಚಾನ ಕೈ. ಇಷ್ಟು ಸರಳವಾದ ಲೆಕ್ಕ. ಆದರೂ ನನ್ನ ನಾಲಿಗೆ ಹೊರಳಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ.

ಚಾಚಾ ಬಿಸ್ಮಿಲ್ಲಾ ಅಂದು ಕಣ್ಣು ಮುಚ್ಚಿದ. ಖಂಡೆಪ್ಪ ಎಂದಿನಂತೆ ಅರಿವೆಯಿಂದ ಬಂಪರ್ ಒರೆಸಿದ, ತುದಿಗೆ ಬಿಟ್ಟ. ಅಂದು ಅದನ್ನು ಒತ್ತಿ ಒತ್ತಿ ಕೂಡಿಸಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡ. ಎಡಗೈ ಕೊಂಡಿಗೆ ಹೋಯಿತು.

"ಬಿಡ್ಲೇನ್ರಿ ಮಿಸ್ತ್ರಿ?"

"ಬಿಡು."

"ಚಾಚಾ, ಕೈ ತಗೀರಿ!" ಎಂದು ನಾನು ಕೂಗಿದ್ದು ಕೊಂಡಿ ಕಳಚಿದ ಮೇಲೆ.

ಬಾಗಿಲು ಅರ್ಧದ ತನಕ ಮೆಲ್ಲಗೇ ಬಂತು. ಆಮೇಲೆ ಕರ್ ಎಂದು ತಗಡು ಹರಿದ ಸದ್ದು. ಬ್ರಾಕೆಟ್ ಕಿತ್ತು ಹಾರಿತು. ಬಾಗಿಲು ಪೂರಾ ಭಾರದಿಂದ ಕೆಳಕ್ಕೆ ಬೀಸಿ ಬಂದು ಧಡ್ ಎಂದು ಬಡಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಕಿರುಚಾಟ ಕೇಳಲಿಲ್ಲ. ಕಣ್ಣು ತೆರೆದರೆ ಚಾಚಾ ಹಾಗೇ ಕುಳಿತಿದ್ದ. ಬಾಗಿಲು ಅವನ ಬೆರಳುಗಳಿಂದ ಎರಡು ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ತುದಿಯಲ್ಲಿದ್ದ ಆ ಅರಿವೆಗೆ ಬಡಿದು ನಿಂತಿತ್ತು.

ಚಾಚಾ ಕೈ ಹೊರಗೆಳೆದುಕೊಂಡು ಬೆರಳು ಮಡಚಿ ಬಿಡಿಸಿ ನೋಡಿದ. ಎದ್ದು ಬಾಗಿಲನ್ನು ಎತ್ತಿ ಹಿಡಿದು ಅರಿವೆಯನ್ನು ಜಗ್ಗಿದ. ಒಳಗೆ ಅಂಗೈ ಅಗಲದ, ಮೂರು ಬೆರಳು ದಪ್ಪದ ಫರಸಿಯ ತುಂಡು. ಬಂಪರಿನ ಪೈಪಿಗೂ ಬಾಡಿಗೂ ನಡುವಿನ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಸಿದ್ದು, ಹೊರಕ್ಕೆ ಚಾಚಿಕೊಂಡಿತ್ತು. ಈಗ ಬಿರುಕು ಬಿಟ್ಟಿತ್ತು. ಅಂಚೆಲ್ಲ ಸವೆದು ಎಣ್ಣೆಯಲ್ಲಿ ಕಪ್ಪಾಗಿತ್ತು. ಅರಿವೆಯ ಗಂಟಿನಲ್ಲಿ ದಿನಾ ಬರುತ್ತಿದ್ದದ್ದು ರೊಟ್ಟಿಯಲ್ಲ.

"ಎಂದಿನಿಂದ ಇದು?" ಚಾಚಾ ಕೇಳಿದ.

"ಮೊದಲ್ನೇ ದಿನದಿಂದ್ರಿ," ಅಂದ ಖಂಡೆಪ್ಪ.

"ಹನ್ನೆರಡ ವರ್ಷ ನಂಗ ಮೋಸ ಮಾಡ್ದಿ ಖಂಡೆಪ್ಪ. ನಿನ್ನ ಕೈಗೆ ನನ್ನ ಕೈ ಅಂತ ನಾ ಇಡಾಕತ್ತಿದ್ದೆ."

"ಗೊತ್ತದರಿ. ನಿಮ್ಮ ಕೈ ತಗೊಂಡು ನಾ ಏನ್ ಮಾಡ್ಲಿ? ನಂದಂತೂ ಹೋಗ್ಯಾದ. ನಿಮ್ದೂ ಹೋದ್ರ ಈ ಗಾಡಿಗೋಳ ಬಾಗಲಾ ಯಾರ್ ಹಚ್ಬೇಕು? ಅಲ್ಲಿ ಹಮಾಲರು ಕೈ ಇಡ್ತಾರ್ರಿ."

ಚಾಚಾ ಆ ಅರಿವೆಯಿಂದಲೇ ಮುಖ ಒರೆಸಿಕೊಂಡ. ಆಮೇಲೆ ಕಂಬದ ಹತ್ತಿರ ಹೋಗಿ ಹರಿದ ತೂತಿನಲ್ಲಿ ಬೆರಳು ಹಾಕಿದ. ಬೆರಳ ತುದಿಗೆ ಬಿಳಿ ಪುಡಿ ಹತ್ತಿತು. ಅದನ್ನು ಮೂಸಿ ನೋಡಿ, ನನ್ನ ಕಡೆ ತಿರುಗಿದ.

"ಇದು ಯಾರ ಕೈ?"

ಎಲ್ಲ ಹೇಳಿದೆ. ತೆಂಗಳಿಯ ತಗ್ಗು, ಪುಟ್ಟಿ, ಬಣ್ಣ, ಸುಟ್ಟ ವಾಸನೆ. ಬೈದಾನು, ನಾಲ್ಕು ಬಡಿದಾನು ಎಂದು ಕಾದೆ. ಬಡಿದಿದ್ದರೆ ಹಗುರಾಗುತ್ತಿದ್ದೆ.

"ಕಲ್ಲ ಇಳಸು," ಅಂದ ಅಷ್ಟೇ. "ಎರಡ ದಿನ ಆಗ್ತದ."

ಒಂದೊಂದೇ ಕಲ್ಲು ನಾನೇ ಇಳಿಸಿದೆ. ಚಂದಾಪುರದ ಗೌಂಡಿ ಫೋನಿನಲ್ಲಿ ಬೈದು ಬೇರೆ ಗಾಡಿ ನೋಡಿಕೊಂಡ. ಎರಡು ದಿನ ಅಂಗಡಿಯಲ್ಲೇ ಕುಳಿತೆ. ಚಾಚಾ ಮೂಲೆಯ ಕಂಬವನ್ನು ಬುಡದ ತನಕ ಕೊಯ್ದು ಹೊಸದು ಬೆಸೆದ, ಬ್ರಾಕೆಟ್ಟಿನ ಹಿಂದೆ ದಪ್ಪ ಪ್ಲೇಟು ಕೊಟ್ಟ. ಪ್ರತಿ ಸಾಲು ಮುಗಿದ ಮೇಲೆ ಖಂಡೆಪ್ಪನನ್ನು ಕರೆದು, "ನೀ ನೋಡು, ನಂಗ ಕಾಣಂಗಿಲ್ಲ," ಅನ್ನುತ್ತಿದ್ದ. ಅವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಖಂಡೆಪ್ಪ ಬಗ್ಗಿ ನೋಡಿ, ಒಂದು ಕಡೆ ಹೆಬ್ಬೆರಳು ಒತ್ತಿ, "ಇಲ್ಲಿ ಇನ್ನೊಮ್ಮಿ ಹಚ್ರಿ," ಎಂದು ತೋರಿಸುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ಬಾಗಿಲು ಎತ್ತಿ ಕೊಂಡಿ ಹಾಕಿದರು. ಚಾಚಾ ಗಾಡಿಯ ಹಿಂದೆ ಹೋಗಲಿಲ್ಲ. ಬೇವಿನ ನೆರಳಿನಲ್ಲಿ ನಿಂತು ನನ್ನನ್ನು ನೋಡಿದ.

"ಗಾಡಿ ನಿಂದು, ದಿಲೀಪ. ಕುಂದ್ರು."

ಹಿಂದೆ ಮುಂದೆ ನೋಡಿದೆ. ನಾನು ಬೇಡವೆಂದಿದ್ದರೆ ಅವನೇ ಬಂದು ಕೂಡುತ್ತಿದ್ದ. ಅದು ಗೊತ್ತಿದ್ದೇ ಕುಕ್ಕರಗಾಲಲ್ಲಿ ಕುಳಿತು ಪೈಪು ಹಿಡಿದೆ. ಬಿಸಿಲಿಗೆ ಕಾದಿತ್ತು. ನನ್ನ ನಾಲ್ಕು ಬೆರಳು ಹೊರಗೆ ಬಂದವು. ಅವನ್ನು ಅಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ.

ಖಂಡೆಪ್ಪ ಬಂದು ಅರಿವೆಯಿಂದ ಬಂಪರ್ ಒರೆಸಿದ. ಒರೆಸಿ, ಅದನ್ನು ಝಾಡಿಸಿ, ತನ್ನ ಹೆಗಲ ಮೇಲೆ ಹಾಕಿಕೊಂಡ. ಅದಕ್ಕೆ ಗಂಟಿರಲಿಲ್ಲ.

"ಬಿಡ್ಲೇನು ತಮ್ಮಾ?"

ತಲೆ ಆಡಿಸಿದೆ. ಕೊಂಡಿ ಕಳಚಿದ ಸದ್ದು ಕೇಳಿತು. ಬಾಗಿಲಿನ ನೆರಳು ಮೊದಲು ನನ್ನ ಮೊಣಕಾಲಿನ ಮೇಲೆ, ಆಮೇಲೆ ಮೊಣಕೈಯ ಮೇಲೆ ಇಳಿಯಿತು.

ಬಾಗಿಲು ಅಡ್ಡಕ್ಕೆ ಬಂದು ನಿಂತಿತು. ಕೈ ತೆಗೆಯಬಹುದಾಗಿತ್ತು, ನನ್ನಿಂದ ಆಗಲಿಲ್ಲ. ಬೆರಳುಗಳು ಪೈಪನ್ನು ಬಿಡಲು ಒಲ್ಲೆ ಅನ್ನುತ್ತಿದ್ದವು. ಕೊನೆಗೆ ಖಂಡೆಪ್ಪನೇ ಬಗ್ಗಿ, ಆ ಒಂದು ಹೆಬ್ಬೆರಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ನನ್ನ ತೊಡೆಯ ಮೇಲೆ ತಂದಿಟ್ಟ.