ಒಂದೇ ನೇಯ್ದ ಸೀರೆ

ಇಂಟರ್‌ನೆಟ್‌ನಲ್ಲಿ ವ್ಯಾಪಾರ ಶುರು ಮಾಡುತ್ತೇನೆ ಎಂದು ಅಕ್ಕ ಮೊದಲ ಸಲ ಹೇಳಿದಾಗ ಅವಳು ಕಂಪ್ಯೂಟರನ್ನು ಹತ್ತಿರದಿಂದ ನೋಡಿರಲಿಲ್ಲ. ನೋಡಿದ್ದವನು ನಾನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಚಳ್ಳಕೆರೆಯಲ್ಲಿ ಒಂದು ಜಿಲ್ಲಾ ಪತ್ರಿಕೆಗೆ ವರದಿಗಾರನಾಗಿದ್ದೆ. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಬರೆದ ಸುದ್ದಿಯನ್ನು ಕವರಿಗೆ ಹಾಕಿ ಸಂಜೆ ಚಿತ್ರದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು, ವಾರಕ್ಕೊಮ್ಮೆ ಮೊಳಕಾಲ್ಮುರಿನ ಮನೆಗೆ ಹೋಗಿ ಬರುವುದು, ಇಷ್ಟು ನನ್ನ ಬದುಕು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ಎರಡು ಮಗ್ಗ. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಎರಡನ್ನೂ ಬೆರೆಸಿ ಮಾತಾಡುತ್ತಿದ್ದುದೇ ಹೆಚ್ಚು.

ಅಪ್ಪ ನೇಯುತ್ತಿದ್ದ. ಸೀರೆಯ ಮೇಲೆ ಬರುವ ಬುಟ್ಟಾ, ಅಂಚು, ಸೆರಗಿನ ಚಿತ್ರಗಳನ್ನು ಚೌಕುಳಿ ಹಾಳೆಯ ಮೇಲೆ ಬರೆಯುತ್ತಿದ್ದವಳು ಅಕ್ಕ. ಒಂದು ಗಿಣಿಯ ಕೊಕ್ಕು ಎಷ್ಟು ಎಳೆಯಲ್ಲಿ ತಿರುಗಬೇಕು ಎಂಬುದನ್ನು ಅವಳು ಚೌಕ ಎಣಿಸಿಯೇ ಹೇಳುತ್ತಿದ್ದಳು. ಅಪ್ಪ ಬೇರೆಯವರ ಮುಂದೆ ಇದನ್ನು ಹೊಗಳುತ್ತಿರಲಿಲ್ಲ. ಆದರೆ ಅಕ್ಕ ಬರೆಯದ ಬುಟ್ಟಾ ನಮ್ಮ ಮಗ್ಗಕ್ಕೆ ಏರಿದ್ದನ್ನು ನಾನು ನೋಡಿಲ್ಲ.

ಆ ದೀಪಾವಳಿಯ ಹೊತ್ತಿಗೆ ರಾಯದುರ್ಗದ ಕಡೆಯಿಂದ ಅಕ್ಕನಿಗೆ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡು ಇಬ್ಬರು ಮಕ್ಕಳಿರುವ ಬಟ್ಟೆ ವ್ಯಾಪಾರಿ. ಅಕ್ಕನಿಗೆ ಆಗ ಮೂವತ್ತೊಂದು. ಆ ಮನುಷ್ಯನ ಬಗ್ಗೆ ಅವಳು ಕೆಟ್ಟ ಮಾತು ಆಡಲಿಲ್ಲ. ಅವರ ಮನೆಯಲ್ಲಿ ಮಗ್ಗ ಐತಾ ಎಂದು ಮಾತ್ರ ಕೇಳಿದಳು. ಇರಲಿಲ್ಲ. ಅಲ್ಲಿಗೆ ಹೋದರೆ ಬರೆಯುವುದು ಮುಗಿಯಿತು ಎಂಬುದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅದಾಗಿ ಎಂಟು ದಿನಕ್ಕೆ ಅವಳು ವ್ಯಾಪಾರದ ಮಾತು ಎತ್ತಿದಳು.

ಇಂಟರ್‌ನೆಟ್ ವಿಷಯ ಅವಳ ಕಿವಿಗೆ ಹಾಕಿದವನು ನಾನೇ. ಚಳ್ಳಕೆರೆಯಲ್ಲಿ ಹೊಸದಾಗಿ ತೆರೆದಿದ್ದ ಸೈಬರ್ ಸೆಂಟರ್ ಬಗ್ಗೆ ಒಂದು ಸುದ್ದಿ ಬರೆದಿದ್ದೆ. ಅದನ್ನು ಓದಿದ ಮೇಲೆ ಅವಳು ಉಳಿದ ಚೌಕುಳಿ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡಳು. ಏನೇನು ಮಾರಬಹುದು ಎಂದು ಅದರಲ್ಲಿ ಬರೆಯುತ್ತಾ ಹೋದಳು. ನಾನು ಊರಿಗೆ ಹೋದಾಗಲೆಲ್ಲ ಅದರ ವಿಚಾರಣೆ ನಡೆಯುತ್ತಿತ್ತು. ಮೊದಲು ಬರೆದದ್ದು ಚಳ್ಳಕೆರೆಯ ಕಡಲೆಕಾಯಿ ಎಣ್ಣೆ. ಡಬ್ಬಿ ಸೋರಿದರೆ ಪೋಸ್ಟ್‌ಮ್ಯಾನ್ ಚೀಲದಲ್ಲಿರುವ ಕಾಗದವೆಲ್ಲ ಎಣ್ಣೆಯಾಗುತ್ತದೆ ಎಂದು ನಾನು ಹೊಡೆದುಹಾಕಿದೆ. ಆಮೇಲೆ ಕುರಿ ಕಂಬಳಿ. ಅದನ್ನು ತೆಗೆದವಳು ಅವ್ವ. ಮುಟ್ಟಿ ಮೂಸಿ ನೋಡದೆ ಕಂಬಳಿ ತೆಗೆದುಕೊಳ್ಳುವವರು ಎಲ್ಲಿದ್ದಾರೆ ಎಂದಳು. ವಧೂವರರ ಜಾತಕ ಹೊಂದಿಸುವ ಕೆಲಸವನ್ನು ನಾನು ಸೂಚಿಸಿದಾಗ ಅಕ್ಕ ನಕ್ಕಳು.

‘ನಂದೇ ಕೂಡಿ ಬಂದಿಲ್ಲ. ಊರೋರ ಜಾತಕ ಕೂಡಿಸ್ತೀನೇನೋ?’

ಕೊನೆಗೆ ಉಳಿದದ್ದು ಸೀರೆ. ಆದರೆ ಅವಳು ಯೋಚಿಸಿದ್ದು ನೇಯ್ದಿಟ್ಟ ಸೀರೆಯನ್ನು ಮಾರುವುದಲ್ಲ. ಎಲ್ಲೋ ದೂರದಲ್ಲಿರುವ ಹೆಂಗಸು ತನಗೆ ಏನು ಇಷ್ಟ ಎಂದು ಬರೆಯಬೇಕು, ಇವಳು ಅದನ್ನು ಹಾಳೆಯ ಮೇಲೆ ಬರೆದು ತೋರಿಸಬೇಕು, ಅವಳು ಒಪ್ಪಿದರೆ ಅಪ್ಪ ನೇಯಬೇಕು. ಒಂದು ಬುಟ್ಟಾ ಒಬ್ಬಳಿಗೆ ಮಾತ್ರ. ಇದು ಅಕ್ಕ ಹೊಸದಾಗಿ ಕಂಡುಹಿಡಿದದ್ದಲ್ಲ, ನಮ್ಮ ಮನೆಯ ಕಟ್ಟಳೆ. ಮದುವೆ ಮನೆಯವರು ಹೇಳಿ ನೇಯಿಸಿದ ಸೀರೆಯ ಚಿತ್ರವನ್ನು ಅಪ್ಪ ಮತ್ತೊಮ್ಮೆ ನೇಯುತ್ತಿರಲಿಲ್ಲ. ಮಗ್ಗದಿಂದ ಇಳಿದ ಮೇಲೆ ಅದನ್ನು ಮಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಮೊದಲು ಬಿಚ್ಚಿ ನೋಡಬೇಕಾದವಳು ಮದುಮಗಳು. ಅಲ್ಲಿಯವರೆಗೆ ಅವ್ವ ಕೂಡ ಮಡಿಕೆ ಬಿಡಿಸುವಂತಿರಲಿಲ್ಲ. ಚಳ್ಳಕೆರೆಯ ನಾಲ್ಕೈದು ವ್ಯಾಪಾರಸ್ಥರ ಮನೆತನಗಳು ತಮ್ಮ ಹೆಣ್ಣುಮಕ್ಕಳ ಸೀರೆಗೆ ನಮ್ಮ ಮನೆಗೇ ಬರುತ್ತಿದ್ದದ್ದು ಈ ನಂಬಿಕೆಯಿಂದ. ಹಾಗಾಗಿ ಅಪ್ಪ ಯಾವ ಸಾಹುಕಾರನ ಕೂಲಿಗೂ ನೇಯಬೇಕಾಗಿರಲಿಲ್ಲ.

ಅಕ್ಕನ ಯೋಜನೆಯನ್ನು ಅಪ್ಪ ಕೊನೆಯವರೆಗೆ ಕೇಳಿಸಿಕೊಂಡ. ಅವಳನ್ನು ಅವನು ತೆಲುಗಿನಲ್ಲಿ ತಲ್ಲಿ, ತಾಯಿ, ಎಂದೇ ಕರೆಯುತ್ತಿದ್ದುದು.

‘ಯುಗಾದಿ ತನಕ ನೋಡಾನ ತಲ್ಲಿ. ಮುಖ ಕಾಣದೋರು ಒಬ್ಬರು, ಒಬ್ಬರೇ ಸಾಕು, ಇಂಥದ್ದು ನೇಯ್ದು ಕೊಡ್ತೀರಾ ಅಂತ ಕೇಳಿ ಬರೀಲಿ. ರಾಯದುರ್ಗದೋರಿಗೆ ಬ್ಯಾಡ ಅಂತ ನಾನೇ ಹೇಳಿ ಬರ್ತೀನಿ.’

ಅಪ್ಪ ಕೇಳಿದ್ದು ಅಷ್ಟೇ. ಒಂದು ಕಾಗದ.

ಸಂಕ್ರಾಂತಿ ಕಳೆದ ಮೇಲೆ ಸೈಬರ್ ಸೆಂಟರಿನ ಮಾಲೀಕ ಇಂಟರ್‌ನೆಟ್‌ನಲ್ಲಿ ಒಂದು ಪುಟ ಮಾಡಿಕೊಟ್ಟ. ಅಕ್ಕ ತನ್ನ ಹೊಸ ಅಂಚಿನ ಒಂದು ಗೇಣುದ್ದದ ಮಾದರಿ ತುಂಡನ್ನು ಅಪ್ಪನಿಂದ ನೇಯಿಸಿ ಕೊಟ್ಟಿದ್ದಳು. ನಾನು ಅದರ ಫೋಟೊ ತೆಗೆದು, ತೊಳೆಸಿ, ಸ್ಕ್ಯಾನ್ ಮಾಡಿಸಿದೆ. ಒಂದು ಮಧ್ಯಾಹ್ನ ಅವಳನ್ನು ಚಳ್ಳಕೆರೆಗೆ ಕರೆದುಕೊಂಡು ಬಂದೆ. ಚಪ್ಪಲಿ ಹೊರಗೆ ಬಿಟ್ಟು ಸೆಂಟರಿನೊಳಗೆ ಬಂದಳು. ಫೋಟೊ ತೆರೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಅವಳು ಕುರ್ಚಿಯ ತುದಿಯಲ್ಲಿ ಕೂತು ನೋಡಿದಳು.

‘ನೇಯ್ದಂಗೇ ಬರ್ತೈತಲ್ಲೋ,’ ಎಂದಳು.

ಅವಳು ಅಷ್ಟು ಸಂತೋಷವಾಗಿದ್ದುದನ್ನು ಆಮೇಲೆ ನಾನು ನೋಡಿಲ್ಲ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಪುಟದ ಕೊನೆಯಲ್ಲಿ ಎಷ್ಟು ಜನ ನೋಡಿದರು ಎಂದು ತೋರಿಸುವ ಅಂಕಿ ಇತ್ತು. ನಾನು ಒಂದು ದಿನ ಬಿಟ್ಟು ಒಂದು ದಿನ ಹೋಗಿ ನೋಡುತ್ತಿದ್ದೆ. ಅದು ಏರುತ್ತಿದ್ದುದು ನಾನು ನೋಡಿದ್ದರಿಂದ. ಪುಟದಲ್ಲಿ ಕೊಟ್ಟಿದ್ದ ಇ-ಮೇಲ್ ವಿಳಾಸದ ಅಂಚೆಪೆಟ್ಟಿಗೆ ಖಾಲಿ. ಊರಿಗೆ ಹೋದಾಗ ಅಕ್ಕ ಕೇಳುತ್ತಿರಲಿಲ್ಲ, ನನ್ನ ಮುಖ ನೋಡಿ ನೀರು ತಂದುಕೊಡುತ್ತಿದ್ದಳು. ಪುಸ್ತಕದಲ್ಲಿ ಮಾತ್ರ ಹೊಸ ಚಿತ್ರಗಳು ಸೇರುತ್ತಿದ್ದವು. ಯಾರಾದರೂ ಕೇಳಿದರೆ ತಕ್ಷಣ ತೋರಿಸಲು ಇರಲಿ ಎಂದು.

ಮಾಘ ಅರ್ಧ ಕಳೆಯಿತು. ಯುಗಾದಿಗೆ ಒಂದೂವರೆ ತಿಂಗಳು ಉಳಿದಿದ್ದಾಗ ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಸುದ್ದಿ ಬರೆದೆ. ಮೊಳಕಾಲ್ಮುರಿನ ಮಹಿಳೆಯೊಬ್ಬರು ರೇಷ್ಮೆ ಸೀರೆಯನ್ನು ಇಂಟರ್‌ನೆಟ್ ಮೂಲಕ ಮಾರಲು ಮುಂದಾಗಿದ್ದಾರೆ ಎಂಬ ಸಣ್ಣ ಬರಹ. ಆಕೆ ನನ್ನ ಅಕ್ಕ ಎಂದು ಅದರಲ್ಲಿ ಹೇಳಲಿಲ್ಲ. ಅದು ಮೊದಲ ತಪ್ಪು, ಆದರೆ ದೊಡ್ಡದಲ್ಲ.

ಸುದ್ದಿಗೆ ಫೋಟೊ ಬೇಕಿತ್ತು. ಗೇಣುದ್ದದ ತುಂಡು ಕಪ್ಪುಬಿಳುಪಿನಲ್ಲಿ ಒರೆಸುವ ಬಟ್ಟೆಯ ಹಾಗೆ ಕಾಣುತ್ತದೆ, ಕಚೇರಿಯಲ್ಲಿ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ ಎಂದು ನನಗೆ ಅನಿಸಿತು. ಆ ದಿನಗಳಲ್ಲಿ ನಮ್ಮ ಪೆಟ್ಟಿಗೆಯಲ್ಲಿ ಒಂದು ಸೀರೆ ಇತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆತನವೊಂದರ ಮಗಳಿಗೆ ನೇಯ್ದದ್ದು. ಅಂಚಿನಲ್ಲಿ ಎದುರುಬದುರು ಗಿಣಿ, ಸೆರಗಿನಲ್ಲಿ ಒಂದು ಮರದ ತುಂಬ ಗಿಣಿ. ಒಂದೂ ಇನ್ನೊಂದರ ಹಾಗಿರಲಿಲ್ಲ. ಅಕ್ಕ ಬರೆದದ್ದರಲ್ಲಿ ಅದೇ ಹೆಚ್ಚಿನದು ಎಂದು ಈಗಲೂ ನನ್ನ ಅಭಿಪ್ರಾಯ. ಒಂದು ಭಾನುವಾರ ಅಪ್ಪ ನೂಲಿಗೆ ಹೋಗಿದ್ದ. ಅವ್ವ, ಅಕ್ಕ ಬೀದಿಯಲ್ಲಿ ಸೀಮಂತವೊಂದಕ್ಕೆ ಹೋಗಿದ್ದರು. ನಾನು ಪೆಟ್ಟಿಗೆ ತೆಗೆದೆ. ಸೆರಗನ್ನು ಮಾತ್ರ ಬಿಡಿಸಿ, ಬಾಗಿಲಿನ ಬೆಳಕಿಗೆ ಹಿಡಿದು ಮೂರು ಫೋಟೊ ತೆಗೆದು, ಇದ್ದ ಹಾಗೆಯೇ ಮಡಿಸಿಟ್ಟೆ. ಕಟ್ಟಳೆ ನನಗೆ ಗೊತ್ತಿತ್ತು. ಪೇಪರಿನಲ್ಲಿ ಎರಡು ಅಂಗುಲದ ಚಿತ್ರ, ಯಾರಿಗೆ ಗುರುತು ಸಿಗುತ್ತದೆ ಎಂದುಕೊಂಡೆ. ಅದೇ ಫೋಟೊವನ್ನು ಸೈಬರ್ ಸೆಂಟರಿಗೂ ಕೊಟ್ಟು ಪುಟದಲ್ಲಿ ಹಾಕಿಸಿದೆ. ಅಕ್ಕನಿಗೆ ಹೇಳಲಿಲ್ಲ. ಕಾಗದ ಬಂದ ಮೇಲೆ ಹೇಳಿದರಾಯಿತು ಎಂದಿದ್ದೆ.

ಕಚೇರಿಯವರು ಚಿತ್ರವನ್ನು ಎರಡು ಅಂಗುಲಕ್ಕೆ ನಿಲ್ಲಿಸಲಿಲ್ಲ. ಆ ದಿನ ಜಾಹೀರಾತು ಕಡಿಮೆ ಇತ್ತೋ ಏನೋ, ನಾಲ್ಕು ಕಾಲಂ ಅಗಲಕ್ಕೆ ಹಾಕಿದ್ದರು. ಒಂದೊಂದು ಗಿಣಿಯನ್ನೂ ಎಣಿಸಬಹುದಾಗಿತ್ತು.

ಮರುದಿನ ನಾನು ಊರಿನಲ್ಲಿದ್ದೆ. ಸುದ್ದಿಯನ್ನು ಅಕ್ಕನಿಗೆ ತೋರಿಸಲು ಪೇಪರ್ ಹಿಡಿದು ಬೆಳಗಿನ ಬಸ್ಸಿಗೆ ಹೋಗಿದ್ದೆ. ಚಿತ್ರ ನೋಡಿ ಅವಳು ಪೇಪರನ್ನು ಮಡಿಸಿ ಮಂಡಿಯ ಕೆಳಗೆ ಇಟ್ಟುಕೊಂಡಳು. ಏನೂ ಹೇಳುವ ಮೊದಲೇ ಹೊರಗೆ ಜೀಪು ನಿಂತಿತು. ಇಳಿದು ಬಂದದ್ದು ಆ ಮದುಮಗಳ ಸೋದರಮಾವ. ಅವರ ಕೈಯಲ್ಲೂ ಅದೇ ಪೇಪರ್ ಇತ್ತು. ಕೂಗಾಡಲಿಲ್ಲ. ಅಪ್ಪ ಹಾಕಿದ ಚಾಪೆಯ ಮೇಲೆ ಕೂತರು, ಅವ್ವ ಕೊಟ್ಟ ನೀರು ಕುಡಿದರು. ಆಮೇಲೆ ಪೇಪರ್ ಬಿಡಿಸಿ ಅಪ್ಪನ ಮುಂದೆ ಹಾಸಿದರು.

‘ನಮ್ಮ ಹುಡುಗಿ ನೋಡೋಕೆ ಮೊದ್ಲು ಊರೇ ನೋಡೈತಲ್ರಿ. ನಾಳೆ ಇದರಾಗೆ ಮಿರ್ಚಿ ಕಟ್ಟಿ ಕೊಡ್ತಾರೆ. ಅದನ್ನೇ ಉಟ್ಟು ಅವಳು ಮಣೆ ಮೇಲೆ ಕೂರಬೇಕೇನ್ರಿ?’

ಅಪ್ಪ ಬಹಳ ಹೊತ್ತು ಚಿತ್ರ ನೋಡಿದ. ಓದು ಬರುತ್ತಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ತಲೆ ಎತ್ತಿ, ಯಾರ ಕಡೆಗೂ ನೋಡದೆ, ಪೆಟ್ಟಿಗೆ ತೆಗೆದೋರು ಯಾರು ಎಂದು ಕೇಳಿದ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಅಪ್ಪನ ಪ್ರಶ್ನೆಗೂ ಅಕ್ಕನ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಇತ್ತು ಎಂದು ಇಷ್ಟು ವರ್ಷಗಳಲ್ಲಿ ಹಲವು ಸಲ ಅಳೆದು ನೋಡಿದ್ದೇನೆ. ನಾನು ಮಾತಾಡುವಷ್ಟು ಇತ್ತು.

‘ನಾನೇ ಅಪ್ಪ,’ ಎಂದಳು ಅಕ್ಕ. ‘ಪುಟ ನಂದೇ ಅಲ್ವಾ, ಅದಕ್ಕೇ ತೆಗ್ದೆ.’

ಅವಳು ನನ್ನ ಕಡೆ ನೋಡಲಿಲ್ಲ. ಯಾಕೆ ಹಾಗೆ ಹೇಳಿದಳು ಎಂಬುದಕ್ಕೆ ನನ್ನ ಹತ್ತಿರ ಊಹೆಗಳಿವೆ, ಆಧಾರವಿಲ್ಲ. ಜೀಪಿನವರು ಪತ್ರಿಕೆಗೆ ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ಯೋಚಿಸಿರಬಹುದು. ವರದಿಗಾರನ ಅಪ್ಪ ಎಂದು ಬೀದಿಯಲ್ಲಿ ಕರೆಸಿಕೊಳ್ಳುವುದು ಅಪ್ಪನಿಗೆ ಇಷ್ಟವಿತ್ತು, ಅದನ್ನು ಉಳಿಸಲು ಹೇಳಿರಬಹುದು. ಕೇಳಿ ತಿಳಿಯುವುದು ನನ್ನ ಕಸುಬು. ಇದೊಂದನ್ನು ಕೇಳಲಿಲ್ಲ.

ಅವರು ಸೀರೆ ಬೇಡ ಎಂದು ಹೇಳಿ ಹೋದರು. ಚಳ್ಳಕೆರೆಯ ಉಳಿದ ಮನೆತನಗಳಿಗೂ ಮಾತು ಮುಟ್ಟಿತು. ಅಪ್ಪ ಅಕ್ಕನನ್ನು ಬೈಯಲಿಲ್ಲ. ಅವಳೊಂದಿಗೆ ಮಾತು ಕಡಿಮೆ ಮಾಡಿದ ಎಂದು ಅವ್ವ ನನಗೆ ಹೇಳಿದಳು. ಶಿವರಾತ್ರಿಯ ಮರುವಾರ ಅವನು ರಾಯದುರ್ಗಕ್ಕೆ ಹೋಗಿ ಒಪ್ಪಿಗೆ ಹೇಳಿ ಬಂದ. ಯುಗಾದಿಯ ತನಕ ಕಾಯಲಿಲ್ಲ. ಕಾಯಪ್ಪ ಎಂದು ಅಕ್ಕನೂ ಕೇಳಲಿಲ್ಲ.

ಬಿಚ್ಚಿದ ಸೀರೆಯನ್ನು ಬೇರೆ ಮದುವೆ ಮನೆಗೆ ಕೊಡುವಂತಿರಲಿಲ್ಲ. ವೈಶಾಖದಲ್ಲಿ ಅಕ್ಕ ಅದನ್ನೇ ಉಟ್ಟು ಮಣೆಯ ಮೇಲೆ ಕೂತಳು. ಬಂದವರೆಲ್ಲ ಸೆರಗನ್ನು ಕೈಯಲ್ಲಿ ಹಿಡಿದು ನೋಡಿದರು. ಯಾರು ಬರೆದದ್ದು ಎಂದು ಗಂಡಿನ ಕಡೆಯ ಒಬ್ಬ ಮುದುಕಿ ಕೇಳಿದಾಗ ಅವ್ವ ತನ್ನ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಮಳೆಗಾಲದಿಂದ ಅಪ್ಪ ಸಾಹುಕಾರನ ಕೂಲಿಗೆ ನೇಯತೊಡಗಿದ. ಅವನು ಕೊಟ್ಟ ಚಿತ್ರ, ತಿಂಗಳಿಡೀ ಅದೇ ಚಿತ್ರ.

ಪುಟ ಹಾಗೇ ಉಳಿದಿತ್ತು. ಅದನ್ನು ತೆಗೆಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಶ್ರಾವಣದಲ್ಲಿ ಒಂದು ದಿನ ಬೇರೆ ಕೆಲಸಕ್ಕೆ ಸೈಬರ್ ಸೆಂಟರಿಗೆ ಹೋದಾಗ ಅಭ್ಯಾಸಬಲದಿಂದ ಅಂಚೆಪೆಟ್ಟಿಗೆ ತೆರೆದೆ. ಒಂದು ಕಾಗದ ಇತ್ತು. ಇಂಗ್ಲಿಷಿನಲ್ಲಿ, ಐದು ಸಾಲು. ಬರೆದವರು ಒಬ್ಬ ಹೆಂಗಸು, ಮುಂಬೈಯವರು. ಮಗಳ ಮದುವೆಗೆ ಸೀರೆ ಹುಡುಕುತ್ತಿದ್ದೇನೆ, ಗಿಣಿಗಳ ಸೆರಗು ನೋಡಿ ತುಂಬ ಹೊತ್ತು ಅದರ ಮುಂದೆಯೇ ಕೂತಿದ್ದೆ, ಇಂಥದ್ದನ್ನು ನಮಗೆ ನೇಯ್ದು ಕೊಡುತ್ತೀರಾ ಎಂದು ಕೇಳಿದ್ದರು. ದೀಪಾವಳಿಯ ಹೊತ್ತಿನಲ್ಲಿ ಅಪ್ಪ ಆಡಿದ್ದ ಮಾತೇ ಹೆಚ್ಚುಕಡಿಮೆ ಅದರಲ್ಲಿತ್ತು.

ಅದರ ಪ್ರಿಂಟ್ ತೆಗೆಸಿ ಅಕ್ಕನ ಊರಿಗೆ ಹೋದೆ. ಅಪ್ಪನಿಗೆ ತೋರಿಸಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಚಿಕ್ಕ ಮಗು ಅವಳ ಬೆನ್ನಿಗೆ ಆತುಕೊಂಡು ಕೂತಿತ್ತು. ಮಕ್ಕಳು ಅವಳಿಗೆ ಒಗ್ಗಿಕೊಂಡಿದ್ದವು, ಗಂಡ ಒಳ್ಳೆಯವನೇ. ಇದನ್ನೂ ಇದ್ದ ಹಾಗೆ ಬರೆಯಬೇಕು. ನಾನು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕರಿಯಾಯಿತು.

‘ಇನ್ನೊಂದ್ಸಲ ಓದು,’ ಎಂದಳು. ಓದಿದೆ.

‘ಮುಂದೆ ಕೂತಿದ್ರಂತಾ?’

ಹೌದು ಎಂದೆ. ಅವಳು ಹಿಟ್ಟಿನ ಕೈಯಿಂದಲೇ ರೊಟ್ಟಿ ತಿರುವಿ ಹಾಕಿದಳು. ನಾನು ಆ ಭಾನುವಾರದ ಮಾತು ಎತ್ತಲು ಹೋದೆ. ಅಕ್ಕ, ಅವತ್ತು ಪೆಟ್ಟಿಗೆ ಎಂದು ಶುರು ಮಾಡಿದ್ದು ನೆನಪಿದೆ. ಅವಳು ತಟ್ಟೆ ನನ್ನ ಮುಂದೆ ಇಟ್ಟು ಉಣ್ಣು ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಚಿತ್ರ ಬರೆದುಕೊಡುತ್ತೀಯಾ, ಆಕೆಗೆ ಕಳಿಸುತ್ತೇನೆ ಎಂದು ಕೇಳಿದೆ. ಚೌಕುಳಿ ಪುಸ್ತಕ ಎಲ್ಲಿದೆ ಎಂದೂ ಕೇಳಿದೆ. ಅದು ಅಪ್ಪನ ಮನೆಯಲ್ಲೇ ಉಳಿಯಿತು ಎಂದಳು.

‘ಕಾಗದಕ್ಕೆ ಏನಂತ ಬರೀಲಿ?’

ಅವಳು ಮಗುವನ್ನು ಬೆನ್ನಿನಿಂದ ಬಿಡಿಸಿ ಮಡಿಲಿಗೆ ಕೂರಿಸಿಕೊಂಡಳು.

‘ಆ ಸೀರೆ ಒಂದೇ ನೇಯ್ದದ್ದು, ಅದನ್ನ ಉಟ್ಟಾಗೈತೆ ಅಂತ ಬರಿ. ಮಗಳ ಮದುವೆ ಚೆನ್ನಾಗಿ ಆಗ್ಲಿ ಅಂತಾನೂ ಬರಿ.’

ಚಳ್ಳಕೆರೆಗೆ ಬಂದು ಹಾಗೇ ಬರೆದೆ. ನನ್ನದೆಂದು ಒಂದು ಮಾತೂ ಸೇರಿಸಲಿಲ್ಲ. ಕೆಳಗೆ ಅಕ್ಕನ ಹೆಸರು ಹಾಕಿದೆ.