ಅನಮೋಡದ ಕಟ್ಲೆಟ್ ಪಾವು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಮುದುಕನಾದೆ. ಎಂಬತ್ತರ ದಶಕದ ಒಂದು ಮಧ್ಯಾಹ್ನ, ಅನಮೋಡದ ಚೆಕ್‌ನಾಕಾ ಪಕ್ಕದ ಹೋಟೆಲಿನಲ್ಲಿ ಗೆಳೆಯ ನನ್ನ ಮುಂದೆ ಬಿಸಿ ಕಟ್ಲೆಟ್ ಪಾವು ಇಟ್ಟ. ಗೋವಾದ ಆ ತಿಂಡಿಯ ರುಚಿ ತೋರಿಸಲೆಂದೇ ಹಳಿಯಾಳದಿಂದ ಮೋಟರ್‌ಸೈಕಲ್ ಮೇಲೆ ಕರೆತಂದಿದ್ದ. ಅವನು ಸಿದ್ದಿ ಕ್ರೈಸ್ತ. ನಾನು ಮಾಂಸ ಮುಟ್ಟದ ಲಿಂಗಾಯತ. ಹೋಟೆಲಿನಾಕೆಯ ಜೊತೆ ಅವನಾಡಿದ ಕೊಂಕಣಿಯಲ್ಲಿ ನನಗೆ ತಿಳಿದದ್ದು ಎರಡೇ ಪದ: ‘ಮಾಸ’, ‘ನಾಕಾ’. ನಾಕಾದವರಿಗೆ ಮಾಡಿದ ಮಾಂಸವನ್ನೇ ನನಗೂ ಕೊಡಿಸುತ್ತಿದ್ದಾನೆ ಎಂದುಕೊಂಡೆ. ಇಬ್ಬರೂ ನಕ್ಕರು ಬೇರೆ.

“ಆಲೂಗಡ್ಡಿದು ಐತೋ ಮಾರಾಯಾ, ತಿನ್ನು. ವಿಷಾ ಹಾಕಿಲ್ಲ,” ಎಂದ.

“ನನ್ನ ಜಾತಿ ಕೆಡಸಾಕ ಇಷ್ಟು ದೂರ ಕರಕೊಂಡ ಬಂದಿಯೇನಲೇ?” ಎಂದು ಎಲ್ಲರೆದುರು ಕೂಗಿ, ಪಾವನ್ನು ನಾಯಿಗೆ ಎಸೆದು, ಸಿಕ್ಕ ಲಾರಿ ಹತ್ತಿದೆ.

ಮುಂದೊಮ್ಮೆ ಜೋಯಿಡಾದ ಮದುವೆಯೂಟದಲ್ಲಿ, ಅನ್ನ ಬಡಿಸಲು ಬಂದವನಿಗೆ ಪಕ್ಕದ ಅಜ್ಜಿ ಎಲೆಯ ಮೇಲೆ ಕೈ ಅಡ್ಡ ಹಿಡಿದು “ನಾಕಾ, ನಾಕಾ” ಎಂದಳು. ಕೊಂಕಣಿಯಲ್ಲಿ ನಾಕಾ ಎಂದರೆ ಬೇಡ. ಗೆಳೆಯ ಅಂದು ನನಗೆ ಮಾಂಸ ಬೇಡವೆಂದೇ ಹೇಳಿದ್ದ.

ಅದು ತಿಳಿದ ಮೇಲೂ ಅವನು ಸಂತೆಯಲ್ಲಿ ಎಷ್ಟೋ ಸಲ ಎದುರಾದ. ನಾನೇ ಮುಖ ತಿರುಗಿಸಿ ನಡೆದೆ. ಈಗ ಅವನಿಲ್ಲ. ಅವನ ಹೆಸರು ಇನಾಸ.