ನಾಲ್ಕನೆಯವರು

ಡಾಕ್ಟರರ ಬಲಗಾಲಿನ ಕ್ಯಾನ್ವಾಸ್ ಶೂಗೆ ಕಿರುಬೆರಳಿನ ಪಕ್ಕ ಒಂದು ಕಿಟಕಿ ಇತ್ತು. ಬೆರಳಿನ ಆಣಿಗೆ ಒತ್ತುತ್ತದೆಂದು ಆಸ್ಪತ್ರೆಯ ಕತ್ತರಿಯಿಂದ ಅವರೇ ಕೊರೆದದ್ದು. ಕುಂದಾಪುರದ ನಮ್ಮ ಟೆನ್ನಿಸ್ ಕೋರ್ಟಿಗೆ ಹಾಸಿದ್ದು ಬಸ್ರೂರಿನ ಹಂಚಿನ ಪುಡಿ. ಆಟ ಮುಗಿಯುವಾಗ ಆ ಬೆರಳು ಕೆಂಪಗಾಗಿರುತ್ತಿತ್ತು.

ಸಂಜೆ ಐದಕ್ಕೆ ನಾಲ್ವರು ಸೇರುತ್ತಿದ್ದರು: ಡಾಕ್ಟರು, ನಿವೃತ್ತ ಪೋಸ್ಟ್ ಮಾಸ್ಟರು, ಹಂಚಿನ ಕಾರ್ಖಾನೆಯ ಮ್ಯಾನೇಜರು, ಹೈಸ್ಕೂಲಿನ ಲೆಕ್ಕದ ಮಾಸ್ಟ್ರು. ತಾಲೂಕು ಕಚೇರಿಗೆ ಹೊಸದಾಗಿ ಸೇರಿದ್ದ ನಾನು ಅವರ ನಂತರ ಆಡುವವನು. ಕಾಯುತ್ತ ಕೂತು ನೋಟ್ ಬುಕ್ಕಿನಲ್ಲಿ ಅವರ ಪಾಯಿಂಟು ಬರೆಯುತ್ತಿದ್ದೆ.

ಪೋಸ್ಟ್ ಮಾಸ್ಟರರಿಗೆ ದೃಷ್ಟಿ ಮಂದ. ಅವರ ಚೆಂಡು ಗೆರೆ ದಾಟಿ ಬಿದ್ದರೂ ಎದುರಿನ ಡಾಕ್ಟರು "ಲೈನ್ ಮೇಲೆ" ಎನ್ನುತ್ತಿದ್ದರು. ಒಂದು ಬೇಸಗೆಯಲ್ಲಿ ಹಾಗೆ ಇಪ್ಪತ್ತಮೂರು ಸಲ. ಡಾಕ್ಟರಿಗೆ ಆ ಪುಟ ತೋರಿಸಿದೆ.

"ಇದ್ನೂ ಬರ್ಕಂಡ್ಯಾ?" ಎಂದು ನಕ್ಕರು. "ಹೊರ್ಗ್ ಬಿದ್ರೆ ಎಂತ ಮಾರಾಯಾ, ಅವ್ರ್ ನಾಳೆ ಆಡುಕೆ ಬರ್ಕಲ್ದಾ?"

ನನಗೆ ಬ್ಯಾಕ್‌ಹ್ಯಾಂಡ್ ಕಲಿಸಿದವರು ಅವರೇ. ಮಂಗಳೂರಿನ ಭಾನುವಾರದ ಲೀಗಿಗೆ ನಮ್ಮ ಕ್ಲಬ್ಬಿನಿಂದ ಒಂದು ಜೋಡಿ ಹೋಗಬೇಕಿದ್ದಾಗ, ನನ್ನ ಜೊತೆ ಬನ್ನಿ ಎಂದು ಬೇಡಿಕೊಂಡೆ. ಊರಲ್ಲಿ ಅವರಷ್ಟು ಚೆನ್ನಾಗಿ ಆಡುವವರಿರಲಿಲ್ಲ.

"ನಾನ್ ಹೋರೆ ಇವ್ರ್ ಮೂವರ್ ಎಂತ ಮಾಡುದ್?"

"ಸೋಲುವ ಹೆದರಿಕೆಯಾ ಡಾಕ್ಟ್ರೇ?" ಎಂದು ಕೆಣಕಿದೆ.

"ಹೆದ್ರಿಕಿ ಹೌದ್. ಗೆದ್ರೆ ಮತ್ತೊಂದ್ ಐತಾರವೂ ಹೋಯ್ಕಲೆ!"

ಸಿಟ್ಟಿನಲ್ಲಿ ಬೇರೆ ಜೊತೆಗಾರನನ್ನು ಹುಡುಕಿಕೊಂಡೆ. ಎರಡು ವರ್ಷ, ಹದಿನಾಲ್ಕು ಪಂದ್ಯ, ಒಂಬತ್ತು ಗೆಲುವು. ಎದುರು ಆಡಿದವರಲ್ಲಿ ಒಬ್ಬರ ಮುಖವೂ ಈಗ ನೆನಪಿಲ್ಲ. ಮರಳಿ ಬಂದಾಗಲೆಲ್ಲ ಡಾಕ್ಟರು ಕೇಳುತ್ತಿದ್ದದ್ದು ಒಂದೇ: "ಊಟ ಹ್ಯಾಂಗಿತ್ತ್?"

ಮೂರನೆಯ ವರ್ಷ, ಬೆಳಿಗ್ಗೆ ರೋಗಿಗಳನ್ನು ನೋಡುತ್ತಿದ್ದಾಗಲೇ ಅವರ ಹೃದಯ ನಿಂತಿತು. ಹನ್ನೊಂದು ದಿನ ಕೋರ್ಟಿಗೆ ನೆಟ್ ಕಟ್ಟಲಿಲ್ಲ. ಹನ್ನೆರಡನೆಯ ದಿನ, ಆ ವರ್ಷದ ಲೀಗಿಗೆ ಹೆಸರು ಕೊಡಲು ಕ್ಲಬ್ಬಿಗೆ ಹೋದೆ. ಅಂಗಳದಲ್ಲಿ ನೆಟ್ ಕಟ್ಟಿತ್ತು. ಪಕ್ಕದ ಬೆಂಚಿನ ಮೇಲೆ ಮೂವರು, ತೊಡೆಯ ಮೇಲೆ ರ‍್ಯಾಕೆಟ್ ಇಟ್ಟುಕೊಂಡು ಕೂತಿದ್ದರು.

ಹೆಜ್ಜೆ ಸದ್ದು ಕೇಳಿ ಪೋಸ್ಟ್ ಮಾಸ್ಟರು ತಲೆ ಎತ್ತಿದರು. "ಹ್ವಾಯ್, ಯಾರದ್? ಒಂದ್ ಜನ ಕಮ್ಮಿ ಇತ್ತ್."

ಹೆಸರು ಬರೆಸಲು ಒಳಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಕ್ಲಬ್ಬಿನದೊಂದು ರ‍್ಯಾಕೆಟ್ ಹಿಡಿದು, ಬರಿಗಾಲಲ್ಲೇ ಡಾಕ್ಟರರ ಜಾಗದಲ್ಲಿ ನಿಂತೆ. ಪೋಸ್ಟ್ ಮಾಸ್ಟರರ ಮೊದಲ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಜೊತೆಗೆ ತಂದಿದ್ದ ನೋಟ್ ಬುಕ್ಕು ಬೆಂಚಿನ ಮೇಲೆ ಮುಚ್ಚಿಯೇ ಇತ್ತು.

"ಲೈನ್ ಮೇಲೆ" ಎಂದೆ.